ಮಂಗನ ಕಾಯಿಲೆ ಮಂಗನದ್ದೇ?

ಕೊಕ್ಕರ್ಣೆಯ ಆಸುಪಾಸಿನ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಆರೋಗ್ಯ ಇಲಾಖೆಯ ಕರಪತ್ರ ತರಗತಿಗೆ ಬಂತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕನ್ನಡದಲ್ಲಿ 'ಮಂಗನ ಕಾಯಿಲೆ', ಇಂಗ್ಲಿಷಿನಲ್ಲಿ 'ಮಂಕಿ ಫೀವರ್'. ಹಿಂದಿನ ವಾರವಷ್ಟೇ ನಾಮಪದಕ್ಕೆ ಅಪಾಸ್ಟ್ರಫಿ ಮತ್ತು 'ಎಸ್' ಸೇರಿಸುವ ಪಾಠ ಮುಗಿದಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಮಂಗನ ಬಾಲ ಅಂದ್ರೆ ಮಂಕೀಸ್ ಟೇಲ್ ಅಂದ್ರಿ. ಹಾಂಗಾರೆ ಮಂಗನ ಕಾಯಿಲೆ ಮಂಕೀಸ್ ಫೀವರ್ ಅಲ್ದಾ ಸರ್?" ಅದು ರೂಢಿಯಪ್ಪಾ ಎಂದು ಹೇಳಿ ಕುಳ್ಳಿರಿಸಿದೆ. ಅಷ್ಟರಲ್ಲಿ ಹಿಂದಿನಿಂದ ಹುಡುಗಿಯೊಬ್ಬಳ ಪ್ರಶ್ನೆ ಬಂತು: "ಮಂಗ ಅಂಗಳಕ್ಕೆ ಬಂದ್ರೆ ನಮಗೂ ಬತ್ತಾ ಸರ್?"

ಮೊದಲನೆಯದು ವ್ಯಾಕರಣದ ಪ್ರಶ್ನೆ, ಎರಡನೆಯದು ಆರೋಗ್ಯದ ಪ್ರಶ್ನೆ ಎಂದು ಆಗ ಅಂದುಕೊಂಡಿದ್ದೆ. ಎರಡೂ ಒಂದೇ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಓದುಗರೇ, 'ಮಂಗನ' ಎಂಬ ಮಾತಿನ ಕೊನೆಗೆ ಕುಳಿತಿರುವ ಆ ಪ್ರತ್ಯಯ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎರಡು ಹೆಸರುಗಳನ್ನು ಜೋಡಿಸಲು ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೊದಲ ಹೆಸರಿಗೆ 'ಎಸ್' ಹಚ್ಚುವುದು. ಇನ್ನೊಂದು, ಏನನ್ನೂ ಹಚ್ಚದೆ ಒಂದರ ಮುಂದೆ ಒಂದನ್ನು ಇಡುವುದು. ಮೊದಲನೆಯದು ಸಾಮಾನ್ಯವಾಗಿ ಒಡೆಯನನ್ನು ತೋರಿಸುತ್ತದೆ, ಎರಡನೆಯದು ಬಗೆಯನ್ನು. 'ಮಂಕೀಸ್ ಟೇಲ್' ಎಂದಾಗ ಬಾಲಕ್ಕೆ ಒಬ್ಬ ಯಜಮಾನನಿದ್ದಾನೆ. 'ಶೂ ಶಾಪ್' ಎಂದಾಗ ಅಂಗಡಿ ಯಾವ ಶೂವಿನದ್ದೂ ಅಲ್ಲ. ಅದು ಅಂಥ ಜಾತಿಯ ಅಂಗಡಿ, ಅಷ್ಟೇ. ಇಂಗ್ಲಿಷ್ ವ್ಯಾಕರಣಕಾರರು ಗುರುತಿಸಿರುವ ಒಂದು ಒಲವು ಸ್ವಾರಸ್ಯಕರವಾಗಿದೆ. ಪ್ರಾಣಿ ಬದುಕಿದ್ದಾಗಲೇ ಸಿಗುವ ವಸ್ತುವಿಗೆ 'ಎಸ್' ಹತ್ತುವುದು ಹೆಚ್ಚು: ಕೌಸ್ ಮಿಲ್ಕ್, ಹೆನ್ಸ್ ಎಗ್. ಪ್ರಾಣಿಯನ್ನು ಕೊಂದು ಪಡೆದದ್ದಕ್ಕೆ ಅದು ಹತ್ತುವುದು ಕಡಿಮೆ: ಚಿಕನ್ ಸೂಪ್. ಸತ್ತ ಕೋಳಿಗೆ ಒಡೆತನದ ಹಕ್ಕಿಲ್ಲ ಎಂದು ಭಾಷೆಯೇ ತೀರ್ಮಾನಿಸಿದ ಹಾಗಿದೆ. ನಮ್ಮ ಕಡೆಯ ಕೋಳಿ ಸುಕ್ಕವನ್ನು 'ಕೋಳಿಯ ಸುಕ್ಕ' ಎಂದು ಹೇಳಿ ನೋಡಿ, ಯಾರೋ ಕೋಳಿಗೇ ಎಲೆ ಹಾಕಿ ಬಡಿಸಿದಂತೆ ಕೇಳಿಸುತ್ತದೆ.

ಈ ಭೇದ ಕನ್ನಡಕ್ಕೆ ಹೊಸದಲ್ಲ. 'ಕಾಡುಕೋಳಿ' ಒಂದು ಜಾತಿಯ ಹಕ್ಕಿ. ಅದನ್ನು ಹಿಡಿದು ತಂದು ಮೃಗಾಲಯದಲ್ಲಿಟ್ಟರೂ ಅದು ಕಾಡುಕೋಳಿಯೇ. ಮನೆಯ ಕೋಳಿ ತಪ್ಪಿಸಿಕೊಂಡು ಹಾಡಿಗೆ ನುಗ್ಗಿದರೆ, ಅಲ್ಲಿರುವಷ್ಟು ಹೊತ್ತು ಅದನ್ನು 'ಕಾಡಿನ ಕೋಳಿ' ಎನ್ನಬಹುದೇ ಹೊರತು ಕಾಡುಕೋಳಿ ಎನ್ನಲಾಗದು. 'ಉಡುಪಿಯ ಮಲ್ಲಿಗೆ' ಎಂದರೆ ಉಡುಪಿಯಲ್ಲಿ ಅರಳಿದ ಯಾವ ಮಲ್ಲಿಗೆಯೂ ಆದೀತು. 'ಉಡುಪಿ ಮಲ್ಲಿಗೆ' ಹಾಗಲ್ಲ. ಅದು ಶಂಕರಪುರದ ಸುತ್ತ ಬೆಳೆಯುವ, ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದ ನಿರ್ದಿಷ್ಟ ಹೂವು. ಮುಂಬಯಿಯ ಮಾರುಕಟ್ಟೆಯಲ್ಲಿ ಮಾರಿದರೂ ಅದರ ಹೆಸರು ಬದಲಾಗುವುದಿಲ್ಲ. ಒಂದು ಪ್ರತ್ಯಯ ಹೋದದ್ದರಿಂದ ವಿಳಾಸ ಹೋಗಿ ಜಾತಿ ಬಂತು.

ಕೊಕ್ಕರ್ಣೆಯ ಪಕ್ಕದಲ್ಲಿ ಹರಿಯುವ ಸೀತಾನದಿಯನ್ನೇ ತೆಗೆದುಕೊಳ್ಳಿ. ಇದು ಸೀತೆಯ ನದಿಯೋ, ಸೀತೆ ಎಂಬ ನದಿಯೋ? ಮೊದಲನೆಯದಾದರೆ ಸಂಸ್ಕೃತದವರು ಷಷ್ಠೀ ತತ್ಪುರುಷ ಎನ್ನುತ್ತಾರೆ, ಎರಡನೆಯದಾದರೆ ಕರ್ಮಧಾರಯ. ಹೆಸರನ್ನು ಎಷ್ಟು ದಿಟ್ಟಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ಸಮಾಸವಾದ ಕೂಡಲೇ ಪ್ರತ್ಯಯ ಲೋಪವಾಗಿ, ಎರಡು ಪದಗಳ ನಡುವಿನ ಸಂಬಂಧವೂ ಅದರ ಜೊತೆಗೇ ಮರೆಯಾಗುತ್ತದೆ.

ಹಾಗಾದರೆ ಪ್ರತ್ಯಯ ಉಳಿದಿದ್ದರೆ ಸಂಬಂಧ ಸ್ಪಷ್ಟವಾಗುತ್ತಿತ್ತೇ? ಅದೂ ಇಲ್ಲ. ಈ ಸಂಗತಿಯನ್ನು ನಮ್ಮ ಹಿಂದಿನವರು ಬಹಳ ಮೊದಲೇ ಕಂಡುಕೊಂಡಿದ್ದರು. ಪಾಣಿನಿ ಉಳಿದ ವಿಭಕ್ತಿಗಳಿಗೆ ಒಂದೊಂದು ಕೆಲಸ ಹಂಚಿ, ಹಂಚಿಕೆಯಲ್ಲಿ ಉಳಿದುಹೋದ ಸಂಬಂಧಗಳನ್ನೆಲ್ಲ ಷಷ್ಠಿಯ ತಲೆಗೆ ಕಟ್ಟಿದ. ಷಷ್ಠಿಗೆ ನೂರೊಂದು ಅರ್ಥಗಳಿವೆ ಎಂದು ಪತಂಜಲಿ ಮಹಾಭಾಷ್ಯದಲ್ಲಿ ಲೆಕ್ಕ ಹಾಕಿದ್ದಾನೆ. ಸಂಖ್ಯೆ ಮುಖ್ಯವಲ್ಲ, ಲೆಕ್ಕ ಮುಗಿಯದು ಎಂಬುದೇ ಅದರ ಇಂಗಿತ ಎಂದು ನನ್ನ ತಿಳಿವಳಿಕೆ. ಒಡೆತನ ಆ ನೂರೊಂದರಲ್ಲಿ ಒಂದು ಮಾತ್ರ. ಮರದ ಕುರ್ಚಿಯಲ್ಲಿ ಮರ ಕಚ್ಚಾವಸ್ತು, ಮರದ ಎಲೆಯಲ್ಲಿ ಅಂಗವಿರುವ ದೇಹ, ಮರದ ವ್ಯಾಪಾರಿಯಲ್ಲಿ ಸರಕು. ಪ್ರತ್ಯಯ ಮೂರಕ್ಕೂ ಒಂದೇ.

ಕನ್ನಡದ ವೈಯಾಕರಣರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮ ಕಂಡಿತು. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಮಾಸಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹುಲಿಯ ತೊಗಲು ಸಮಾಸವಾದಾಗ 'ಹುಲಿದೊಗಲು' ಆಗುತ್ತದೆ. ಮಳೆಯ ಕಾಲ 'ಮಳೆಗಾಲ' ಆಗುತ್ತದೆ. ಕ, ತ, ಪಗಳು ಗ, ದ, ಬಗಳಾಗುವ ಈ ಬದಲಾವಣೆಯನ್ನು ನೀವೂ ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೀರಿ. ಅದರ ಉಪಯೋಗವೇನೆಂದು ನಮಗೆ ಯಾರೂ ಹೇಳಿರಲಿಲ್ಲ. ಎರಡು ಪದ ಬೆಸೆದು ಒಂದೇ ಹೆಸರಾಗಿದೆ ಎಂಬುದಕ್ಕೆ ಕಿವಿಗೆ ಸಿಗುವ ಗುರುತು ಅದು. ಬರಹದಲ್ಲಿ ಜಾಗ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡಬೇಕಾಗಿಲ್ಲ, ಕೇಳಿದರೆ ಸಾಕು. (ಎಲ್ಲ ಕಡೆ ಹೀಗಾಗುವುದಿಲ್ಲ. ಮೇಲಿನ ಕಾಡುಕೋಳಿಯಲ್ಲಿ ಕಕಾರ ಹಾಗೆಯೇ ಕುಳಿತಿದೆ.)

ಈ ಚರ್ಚೆ ನಮ್ಮ ಕರಾವಳಿಯಲ್ಲೂ ನಡೆದಿದೆ. ಬೈಂದೂರು ದಾಟಿದರೆ ಸಿಗುವ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದ. ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದು, ಪಂಡಿತರ ಸಭೆಯಲ್ಲಿ ಕನ್ನಡಕ್ಕೂ ಒಂದು ಮಣೆ ಹಾಕಿಸಿದವನು ಅವನು. ಮುಂದೆ 1872ರಲ್ಲಿ ಕಿಟ್ಟೆಲ್ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಶಬ್ದಮಣಿದರ್ಪಣವನ್ನು ಹೊರತಂದರು; 1903ರಲ್ಲಿ ಅವರದೇ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು.

ಇಂಗ್ಲಿಷಿನ ಕಥೆ ಇಷ್ಟು ಹಳೆಯದಲ್ಲ, ಆದರೆ ಗೊಂದಲ ಜಾಸ್ತಿ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮ ಹಾಗೆಯೇ ಹಲವು ವಿಭಕ್ತಿಗಳಿದ್ದವು. ಕಾಲಕ್ರಮದಲ್ಲಿ ಒಂದೊಂದಾಗಿ ಸವೆದು, ಷಷ್ಠಿಯ 'ಎಸ್' ಒಂದು ಮಾತ್ರ ಉಳಿದುಕೊಂಡಿತು. ಅದು ಎಲ್ಲಿಂದ ಬಂತೆಂಬುದೇ ಮರೆತುಹೋಗಿ, 'ಹಿಸ್' ಎಂಬ ಸರ್ವನಾಮ ಸವೆದು 'ಎಸ್' ಆಗಿದೆ ಎಂದು ಜನ ನಂಬಿದರು. ಬೆನ್ ಜಾನ್ಸನ್ನನ ನಾಟಕವೊಂದು 1605ರಲ್ಲಿ 'ಸೆಜೇನಸ್ ಹಿಸ್ ಫಾಲ್' ಎಂಬ ಹೆಸರಿನಲ್ಲೇ ಅಚ್ಚಾಯಿತು: ಸೆಜೇನಸ್, ಅವನ ಪತನ. ಬಿಟ್ಟುಹೋದ ಅಕ್ಷರದ ಗುರುತಾಗಿದ್ದ ಅಪಾಸ್ಟ್ರಫಿ 'ಎಸ್' ಮುಂದೆ ನೆಲೆಯೂರಲು ಈ ನಂಬಿಕೆಯ ಒತ್ತಾಸೆಯೂ ಇತ್ತು. ಹೆಂಗಸಿನ ಹೆಸರಿಗೂ ಅದೇ 'ಎಸ್' ಹತ್ತುತ್ತದಲ್ಲ, ಅಲ್ಲಿ 'ಹಿಸ್' ಹೇಗೆ ಬಂತು ಎಂಬ ಆಕ್ಷೇಪ 1755ರ ನಿಘಂಟಿನ ಜೊತೆ ಸ್ಯಾಮ್ಯುಯೆಲ್ ಜಾನ್ಸನ್ ಸೇರಿಸಿದ ವ್ಯಾಕರಣದಲ್ಲಿದೆ. ತರಗತಿಯಲ್ಲಿ ನಾವು ಅರ್ಧ ಅಂಕ ಕಳೆಯುವ ಆ ಚುಕ್ಕೆ ಇಂಥ ವಂಶಾವಳಿಯದು.

ಚುಕ್ಕೆಯನ್ನು ತೆಗೆದುಹಾಕಲು ಸರಕಾರಗಳೂ ಹೊರಟಿವೆ. 1890ರಲ್ಲಿ ಸ್ಥಾಪನೆಯಾದ ಅಮೆರಿಕದ ಭೌಗೋಳಿಕ ನಾಮ ಮಂಡಳಿ ಊರು, ಬೆಟ್ಟ, ಕೊಲ್ಲಿಗಳ ಹೆಸರಿನಿಂದ ಅಪಾಸ್ಟ್ರಫಿಯನ್ನು ಅಳಿಸುತ್ತ ಬಂದಿದೆ. ಬೆಟ್ಟಕ್ಕೆ ಒಬ್ಬ ಮನುಷ್ಯನ ಹೆಸರಿದ್ದ ಮಾತ್ರಕ್ಕೆ ಅದು ಅವನ ಆಸ್ತಿಯೆಂದು ತೋರಬಾರದು ಎಂಬುದು ವಾದ. ಒಪ್ಪಿಕೊಂಡ ವಿನಾಯಿತಿಗಳು ಬೆರಳೆಣಿಕೆಯಷ್ಟು. ಮಾರ್ಥಾಸ್ ವಿನ್ಯರ್ಡ್ ಅದರಲ್ಲಿ ಮೊದಲನೆಯದು. ನಮ್ಮ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಾದರೋ ಆ 'ಎಸ್' ಕನ್ನಡದೊಳಗೇ ಗಟ್ಟಿಯಾಗಿ ಕೂತುಬಿಟ್ಟಿದೆ. 'ಮೇರಿಯ ದ್ವೀಪ' ಎನ್ನುವವರಿಲ್ಲ, 'ಮೇರಿ ದ್ವೀಪ' ಎನ್ನುವವರೂ ಇಲ್ಲ. ಸುಮಾರು ಎಂಟೂವರೆ ಕೋಟಿ ವರ್ಷಗಳ ಹಿಂದೆ ಹೆಪ್ಪುಗಟ್ಟಿದ ಲಾವಾದ ಕಂಬಗಳ ಮೇಲೆ ಇಂಗ್ಲಿಷಿನ ಷಷ್ಠೀ ಪ್ರತ್ಯಯವೂ ಹೆಪ್ಪುಗಟ್ಟಿದೆ. ತೋನ್ಸೆಪಾರ್ ಎಂಬ ಸ್ಥಳೀಯ ಹೆಸರಿಗೆ ಇಂಥ ತೊಡಕಿಲ್ಲ.

ಈಗ ವಿಜ್ಞಾನದ ಹೆಸರುಗಳಿಗೆ ಬರೋಣ. ಬಾಯ್ಲ್ಸ್ ಲಾ, ನ್ಯೂಟನ್ಸ್ ಲಾಸ್ ಎಂದು ಹೇಳುವ ಇಂಗ್ಲಿಷ್, 1928ರ ಫೆಬ್ರವರಿ 28ರಂದು ದೃಢಪಟ್ಟ ವಿದ್ಯಮಾನವನ್ನು ಮಾತ್ರ 'ದಿ ರಾಮನ್ ಎಫೆಕ್ಟ್' ಎನ್ನುತ್ತದೆ, 'ದಿ' ಹಾಕಿ, 'ಎಸ್' ಬಿಟ್ಟು. ಚಂದ್ರಶೇಖರ್ ಮಿತಿಯೂ ಹಾಗೆಯೇ. ವ್ಯಾಕರಣದ ದೃಷ್ಟಿಯಿಂದ ಒಂದಿದ್ದರೆ ಇನ್ನೊಂದು ಬೇಡ; ಎರಡೂ ಸೇರಿ 'ದಿ ರಾಮನ್ಸ್ ಎಫೆಕ್ಟ್' ಎಂದರೆ ತಪ್ಪು. ನಮ್ಮ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವ ಜಾಗ ಇದು.

ಕನ್ನಡದಲ್ಲಿ ಬರೆಯುವವನಿಗೆ ಇಲ್ಲಿ ಇಂಗ್ಲಿಷಿನವನಿಗಿಲ್ಲದ ಇನ್ನೊಂದು ಪೇಚಾಟವಿದೆ. ನಮ್ಮ ಷಷ್ಠಿ ಸಂಬಂಧವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಲಿಂಗವನ್ನೂ ಗೌರವವನ್ನೂ ಜೊತೆಗೆ ಹೇಳಿಬಿಡುತ್ತದೆ. 'ನ್ಯೂಟನ್ನನ ನಿಯಮ' ಎಂದು ಏಕವಚನದಲ್ಲಿ ಕರೆದು, ಮುಂದಿನ ಪುಟದಲ್ಲಿ 'ರಾಮನ್ನರ ಪರಿಣಾಮ' ಎಂದರೆ ಪಂಕ್ತಿಭೇದ ಮಾಡಿದಂತಾಗುತ್ತದೆ. ಇಬ್ಬರಿಗೂ ಬಹುವಚನ ಹಾಕಿದರೆ ವಾಕ್ಯ ಭಾರವಾಗುತ್ತದೆ. 'ರಾಮನ್ ಪರಿಣಾಮ' ಎಂದು ಸಮಾಸ ಮಾಡಿಬಿಟ್ಟರೆ ಈ ತಕರಾರೇ ಇಲ್ಲ. ಕನ್ನಡದ ವಿಜ್ಞಾನ ಬರಹದಲ್ಲಿ ಪ್ರತ್ಯಯವಿಲ್ಲದ ಹೆಸರುಗಳು ಬಳಕೆಗೆ ಬರಲು ಇಂಗ್ಲಿಷಿನ ಅನುಕರಣೆ ಒಂದು ಕಾರಣವಾದರೆ, ಈ ಮರ್ಯಾದೆಯ ಪ್ರಶ್ನೆ ಇನ್ನೊಂದು ಎಂದು ನನ್ನ ಅಭಿಪ್ರಾಯ.

ನಿಯಮ, ಪರಿಣಾಮಗಳಲ್ಲಿ ಇದು ಮರ್ಯಾದೆಯ ಮಾತು. ರೋಗಗಳ ಹೆಸರಿಗೆ ಬಂದಾಗ ಹಾಗಲ್ಲ.

ಜಾನ್ ಲ್ಯಾಂಗ್ಡನ್ ಡೌನ್ ಎಂಬ ವೈದ್ಯ 1866ರಲ್ಲಿ ವಿವರಿಸಿದ ಸ್ಥಿತಿಗೆ 'ಡೌನ್ಸ್ ಸಿಂಡ್ರೋಮ್' ಎಂಬ ಹೆಸರು ಬಂತು. 1970ರ ದಶಕದ ನಡುವಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಇಂಥ ಹೆಸರುಗಳಿಂದ 'ಎಸ್' ಕೈಬಿಡಬೇಕೆಂದು ಸೂಚಿಸಿತು. ವೈದ್ಯನಿಗೆ ಆ ಸ್ಥಿತಿ ಇರಲಿಲ್ಲ, ಅದು ಅವನ ಸ್ವತ್ತೂ ಅಲ್ಲ ಎಂಬುದು ಅವರ ತರ್ಕ. ಅಂದಿನಿಂದ ಅಮೆರಿಕದಲ್ಲಿ ಅದು 'ಡೌನ್ ಸಿಂಡ್ರೋಮ್'; ಬ್ರಿಟನ್ನಿನಲ್ಲಿ 'ಎಸ್' ಇನ್ನೂ ಓಡಾಡುತ್ತಿದೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 1952ರಲ್ಲಿ ವರದಿಯಾದ, ರಕ್ತ ಹೆಪ್ಪುಗಟ್ಟದ ಒಂದು ಬಗೆಯ ರೋಗಕ್ಕೆ ರೋಗಿಯಾಗಿದ್ದ ಬಾಲಕ ಸ್ಟೀಫನ್ ಕ್ರಿಸ್‌ಮಸ್‌ನ ಹೆಸರನ್ನೇ ಇಟ್ಟರು. ರೋಗ ನಿಜವಾಗಿ ಅವನದೇ. ಆದರೂ ಹೆಸರು 'ಕ್ರಿಸ್‌ಮಸ್ ಡಿಸೀಸ್', 'ಎಸ್' ಇಲ್ಲ. ಹಬ್ಬದ ಕಾಲದಲ್ಲಿ ಬರುವ ಕಾಯಿಲೆಯೇ ಎಂದು ಕೇಳುವವರಿಗೆ ಹೆಸರಿನಲ್ಲಿ ಉತ್ತರವಿಲ್ಲ.

ನಮ್ಮ ಕನ್ನಡದ ರೋಗನಾಮಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಆನೆಕಾಲು ರೋಗದಲ್ಲಿ ಆನೆ ಬಂದದ್ದು ಕಾಲಿನ ಆಕಾರದ ಹೋಲಿಕೆಗೆ. ರೋಗ ತರುವುದು ಸೊಳ್ಳೆ. ಕೆನ್ನೆ ಊದುವ ಮಂಗನಬಾವಿಗೂ ಮಂಗಕ್ಕೂ ಮುಖದ ಹೋಲಿಕೆಯ ಹೊರತು ಬೇರೆ ನಂಟಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್. ಮಳೆಗಾಲದಲ್ಲಿ ನಮ್ಮ ಗದ್ದೆ ಕೆಲಸದವರನ್ನು ಕಾಡುವ ಇಲಿಜ್ವರದಲ್ಲಿ ಇಲಿಯ ಪಾತ್ರ ನಿಜವಾದದ್ದು. ಅದರ ಮೂತ್ರದಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ನೀರಿಗೆ, ಕೆಸರಿಗೆ ಸೇರುತ್ತದೆ. ಆದರೆ ಇಲಿಗೆ ಜ್ವರ ಬಂದಂತೆ ಕಾಣುವುದೇ ಇಲ್ಲ, ಅದು ಆರಾಮವಾಗಿ ಓಡಾಡಿಕೊಂಡಿರುತ್ತದೆ. ಹೀಗೆ ಪ್ರಾಣಿ ಒಂದು ಹೆಸರಿನಲ್ಲಿ ಉಪಮಾನ, ಇನ್ನೊಂದರಲ್ಲಿ ಮೂಲ. ಮೂರನೆಯ ಒಂದು ಪಾತ್ರವೂ ಉಂಟು: ಬಲಿಪಶು. ಅದೇ ಮಂಗನ ಕಾಯಿಲೆ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ 1950ರ ದಶಕದ ಮಧ್ಯದಲ್ಲಿ ಮಂಗಗಳು ಸಾಯತೊಡಗಿದವು. ಜೊತೆಗೆ ಜನರಿಗೂ ತೀವ್ರ ಜ್ವರ. ಹಳ್ಳಿಗರ ಕಣ್ಣು ಸರಿಯಾಗಿಯೇ ಎರಡನ್ನೂ ಜೋಡಿಸಿತು. 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕ ಅವರದು. ಪ್ರತ್ಯೇಕಿಸಿದ ವೈರಸ್ ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳುಜ್ವರದ ಹತ್ತಿರದ ಬಂಧು. ಇಲ್ಲಿಯೂ ವಾಹಕ ಒಂದು ಉಣ್ಣಿಯೇ, ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ವೈರಸ್ ಸಿಕ್ಕಿದ ಜಾಗದ ಹೆಸರನ್ನೇ ರೋಗಕ್ಕಿಡುವುದು ಆ ಕಾಲದ ಪದ್ಧತಿ. ಉಗಾಂಡದ ಜೀಕಾ ಕಾಡಿನಿಂದ ಜೀಕಾ, ಹಾಗೆಯೇ ಇಲ್ಲಿ 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್'. ಪ್ರತ್ಯಯದ ಸೋಂಕಿಲ್ಲದೆ ಸಾಲಾಗಿ ನಿಂತ ಮೂರು ನಾಮಪದಗಳು!

ಇದನ್ನು ಕನ್ನಡಿಸಲು ಹೊರಟವರು ಎಲ್ಲಾದರೂ ಒಂದು ಕಡೆ ಕೊಂಡಿ ಹಾಕಲೇಬೇಕಾಯಿತು. 'ಕ್ಯಾಸನೂರು ಅರಣ್ಯ ರೋಗ' ಎಂದರೆ ಮರಗಳಿಗೆ ಬಂದ ರೋಗದಂತೆ ಕೇಳಿಸುತ್ತದೆ. 'ಕ್ಯಾಸನೂರು ಕಾಡಿನ ಕಾಯಿಲೆ' ವಾಸಿ, ಆದರೆ ಉದ್ದ. ಜನ ತಮ್ಮದೇ ಹೆಸರನ್ನು ಇಟ್ಟುಕೊಂಡರು, ಅದೇ ನಿಂತಿತು. ಆ ಹೆಸರಿನ ಸ್ವರೂಪವನ್ನೂ ಗಮನಿಸಿ: 'ಮರ' ಎಂಬ ಅಕಾರಾಂತ ಪದ 'ಮರದ' ಆಗುತ್ತದೆ, ಆದರೆ 'ಮಂಗ' ಎಂಬುದು 'ಮಂಗದ' ಆಗದೆ, ರಾಮನ, ಭೀಮನ ಎಂಬ ಹಾಗೆ, 'ಮಂಗನ' ಆಗುತ್ತದೆ. ಕಪಿಯನ್ನು ಮನುಷ್ಯರ ಸಾಲಿನಲ್ಲಿ ಕೂರಿಸಿದ ಭಾಷೆ ನಮ್ಮದು. ಕಾಯಿಲೆಯ ಹೆಸರಿನಲ್ಲಿ ಅದು ಆರೋಪಿಯ ಹೆಸರಿನಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ವಾಸ್ತವ ಹೀಗಿದೆ. ಮುಸಿಯ ಮತ್ತು ಕೆಂಪುಮೋರೆಯ ಮಂಗ ಎರಡೂ ಈ ವೈರಸ್ಸಿಗೆ ನಮಗಿಂತ ಸುಲಭವಾಗಿ ಬಲಿಯಾಗುತ್ತವೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣಿಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಸೌದೆಗೆ, ತರಗೆಲೆಗೆ ಹೋದವರಿಗೆ ಅವು ಹತ್ತುತ್ತವೆ. ಕಾಡಿನಲ್ಲಿ ಮೇದ ದನಗಳ ಮೈಗೆ ಅಂಟಿ ಹಟ್ಟಿಗೂ ಬರುತ್ತವೆ. ಉಣ್ಣಿಯ ಮರಿಗಳು ಚುರುಕಾಗಿರುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ, ಗೇರುತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ದೊಡ್ಡ ಹಾವಳಿ ಎದ್ದು ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಅದೇ ವರ್ಷ ನಮ್ಮ ಉಡುಪಿ ಜಿಲ್ಲೆಯಲ್ಲೂ ಮಂಗಗಳು ಸತ್ತು ಬಿದ್ದದ್ದು ನಿಮಗೆ ನೆನಪಿರಬಹುದು.

ಇಷ್ಟನ್ನೆಲ್ಲ ತಿಳಿದವನಿಗೆ ಸತ್ತ ಮಂಗ ಒಂದು ಎಚ್ಚರಿಕೆಯ ಗಂಟೆ. ಹತ್ತಿರ ಹೋಗದೆ, ಮುಟ್ಟದೆ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಆ ಜಾಗದ ಸುತ್ತ ತರಗೆಲೆ ಗುಡಿಸಬಾರದು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಬೇಕು, ಉಣ್ಣಿ ಹತ್ತದಂತೆ ತೈಲ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನ ಸ್ನಾನ. ಇದರಲ್ಲಿ ಒಂದೂ 'ಮಂಗನ ಕಾಯಿಲೆ' ಎಂಬ ಹೆಸರಿನಿಂದ ಹೊಳೆಯುವುದಿಲ್ಲ. ಹೆಸರನ್ನಷ್ಟೇ ನಂಬಿದವನು ಮರದ ಮೇಲಿನ ಜೀವಂತ ಮಂಗವನ್ನು ಕಂಡು ಹೆದರಿ ಕಲ್ಲೆಸೆಯುತ್ತಾನೆ, ಬರಿಗಾಲಲ್ಲಿ ತರಗೆಲೆಗೆ ಹೋಗುತ್ತಾನೆ.

ಈ ಎಡವಟ್ಟು ನಮ್ಮೊಬ್ಬರದಲ್ಲ. 2009ರಲ್ಲಿ ಎಚ್1ಎನ್1 ಜ್ವರಕ್ಕೆ 'ಸ್ವೈನ್ ಫ್ಲೂ' ಎಂಬ ಹೆಸರು ಹಬ್ಬಿದಾಗ, ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದ್ದರೂ ಈಜಿಪ್ಟ್ ಸರಕಾರ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆಜ್ಞೆ ಮಾಡಿತು. ಅಲ್ಲಿ 'ಎಸ್' ಇರಲಿಲ್ಲ ಎಂಬುದನ್ನು ಗಮನಿಸಿ. ಪ್ರತ್ಯಯ ಬಿಟ್ಟರೂ ಪ್ರಾಣಿಗೆ ಬಿಡುಗಡೆಯಿಲ್ಲ. 2015ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೋಗಗಳಿಗೆ ಊರಿನ, ವ್ಯಕ್ತಿಯ, ಪ್ರಾಣಿಯ ಹೆಸರಿಡಬಾರದೆಂದು ಮಾರ್ಗಸೂಚಿ ಹೊರಡಿಸಿತು. 2022ರ ನವೆಂಬರಿನಲ್ಲಿ 'ಮಂಕಿಪಾಕ್ಸ್' ಎಂಬ ಹಳೆಯ ಹೆಸರನ್ನು ಬಿಟ್ಟು 'ಎಂಪಾಕ್ಸ್' ಎಂದು ಕರೆಯಲು ಶಿಫಾರಸು ಮಾಡಿತು. ಆ ಸೂಚಿಯ ಪ್ರಕಾರ ಇಂದು ಹೊಸದಾಗಿ ಹೆಸರಿಡುವುದಾದರೆ ಕ್ಯಾಸನೂರಿಗೂ ಜಾಗವಿಲ್ಲ, ಮಂಗಕ್ಕೂ ಇಲ್ಲ.

ಅರುವತ್ತು ವರ್ಷಕ್ಕೂ ಮಿಕ್ಕಿ ಜನರ ಬಾಯಲ್ಲಿರುವ ಹೆಸರನ್ನು ಸುತ್ತೋಲೆಯಿಂದ ಬದಲಿಸಲಾಗದು. ಬದಲಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಕರಪತ್ರದ ತಲೆಬರಹದ ಕೆಳಗೆ ಎರಡನೆಯ ಸಾಲಾಗಿ 'ಉಣ್ಣಿಯಿಂದ ಬರುವ ಜ್ವರ' ಎಂದು ಅಚ್ಚು ಹಾಕಬಹುದು. ಷಷ್ಠಿ ಬಾಯಿಬಿಡದ್ದನ್ನು ಪಂಚಮಿ ಹೇಳುತ್ತದೆ: ಎಲ್ಲಿಂದ ಬರುತ್ತದೆ ಎಂಬುದನ್ನು. ಹಿಂದಿನ ಬೆಂಚಿನ ಆ ಹುಡುಗಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರವೂ ಅದೇ ಆಗಿತ್ತು. ಅಂಗಳಕ್ಕೆ ಬಂದ ಮಂಗವನ್ನು ಅದರ ಪಾಡಿಗೆ ಬಿಡು. ಸಂಜೆ ಹಟ್ಟಿಗೆ ಬರುವ ದನದ ಕಿವಿಯ ಹಿಂದೆ ಒಮ್ಮೆ ನೋಡಲು ಅಮ್ಮನಿಗೆ ಹೇಳು.